ಸಂಗೊಳ್ಳಿ ರಸ್ತೆಯ ಎರಡು ವರ್ಷ

ನನ್ನ ಎದೆಯೊಳಗೆ ಲೋಹದ ಕವಾಟ ಕೂಡಿಸಿ ಒಂದು ವರ್ಷ ಎಂಟು ತಿಂಗಳಾಯಿತು. ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿದ ಕೂಡಲೇ ಅದರ ಸದ್ದು ಕೇಳುತ್ತದೆ, ಟಿಕ್ ಟಿಕ್ ಅಂತ. ಗಿರಾಕಿಗಳು ತಲೆಯೆತ್ತಿ ಗೋಡೆಯ ಗಡಿಯಾರ ನೋಡುತ್ತಾರೆ. ಆ ಗಡಿಯಾರ ನಿಂತು ಬಹಳ ದಿನವಾಗಿದೆ. ನಾನು ಅವರ ಸೀರೆಗೆ ಫಾಲ್ ಹಚ್ಚುತ್ತಾ ಕೂಡುತ್ತೇನೆ.

ಆಸ್ಪತ್ರೆಯಲ್ಲಿದ್ದಾಗ ನನ್ನಂಥವರು ಯಾರಾದರೂ ಬರೆದದ್ದು ಸಿಕ್ಕೀತೇ ಎಂದು ಮಗಳ ಮೊಬೈಲಿನಲ್ಲಿ ಹುಡುಕಿದ್ದೆ. ಡಾಕ್ಟರರು ಬರೆದದ್ದು ಬೇಕಾದಷ್ಟಿತ್ತು. ಹೃದಯದ ಚಿತ್ರ, ಬಾಣದ ಗುರುತು, ಕೆಂಪು, ನೀಲಿ. ಆದರೆ ಹೆದರಿಕೆ ಎಷ್ಟು ದಿನ ಇರುತ್ತದೆ, ಎದೆಯ ಹೊಲಿಗೆ ಇರುವಾಗ ಅತ್ತರೆ ಏನಾಗುತ್ತದೆ, ಇದನ್ನು ಯಾರೂ ಬರೆದಿರಲಿಲ್ಲ. ಅತ್ತರೆ ಏನೂ ಆಗುವುದಿಲ್ಲ. ನೋಯುತ್ತದೆ ಅಷ್ಟೆ. ಒಂದು ದಿಂಬನ್ನು ಎದೆಗೆ ಅವಚಿಕೊಂಡು ಅಳಬೇಕು. ಇಂಥ ಮಾತು ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ. ಊರುಗಳ ಹೆಸರು ನಿಜವಾದವು. ನಮ್ಮ ಮಂದಿಯ ಹೆಸರುಗಳನ್ನು ಬದಲಿಸಿದ್ದೇನೆ, ಅವ್ವನ ಹೆಸರನ್ನಂತೂ ಬರೆಯುವುದೇ ಇಲ್ಲ. ಯಾಕೆಂದು ಓದಿದವರಿಗೆ ತಿಳಿದೀತು.

ಎಲ್ಲಾ ಶುರುವಾದದ್ದು ಮಗಳು ವಿದ್ಯಾಳಿಂದ. ಅವಳಿಗೆ ಪೊಲೀಸ್ ಆಗುವ ಹುಚ್ಚು. ಪಿಯುಸಿ ಮುಗಿದ ವರ್ಷ, ಪರೀಕ್ಷೆಗೆ ಓದುವುದರ ಜೊತೆ ಓಡುವುದನ್ನೂ ರೂಢಿ ಮಾಡಿಕೊಳ್ಳಬೇಕೆಂದು ಬೆಳಗಿನ ಐದೂವರೆಗೆ ಬೈಲಹೊಂಗಲದ ಕಾಲೇಜು ಮೈದಾನಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ನಮ್ಮ ಮನೆಯವರು ಲೈನ್‌ಮನ್. ಕಂಬ ಹತ್ತಲು ಹೆದರದ ಮನುಷ್ಯ, ಮಗಳನ್ನು ಮುಂಜಾನೆ ಒಬ್ಬಳನ್ನೇ ಕಳಿಸಲು ಹೆದರಿದರು.

"ಮಾದೇವಿ, ನೀ ಜೋಡಿ ಹೋಗು. ಅಕಿ ಓಡ್ಲಿ, ನೀ ಕಟ್ಟಿ ಮ್ಯಾಲೆ ಕುಂದರು," ಅಂದರು.

ಕೂತೆ. ಸ್ವೆಟರ್ ಹಾಕಿಕೊಂಡು, ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು ಇಪ್ಪತ್ತು ದಿನ ಕೂತೆ. ಆಗ ನನಗೆ ಮೂವತ್ತೊಂಬತ್ತು. ಹದಿನೆಂಟು ವರ್ಷದಿಂದ ಪೇಟೆಯ ಓಣಿಯಲ್ಲಿ ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ ಅಂಗಡಿ ನಡೆಸಿದವಳು. ಕೂಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಆ ವರ್ಷದ ಚಳಿ ಕಟ್ಟೆಯ ಕಲ್ಲಿನಿಂದ ಮೈಗೆ ಏರುತ್ತಿತ್ತು. ಒಂದು ದಿನ ತಡೆಯಲಾಗದೆ ಎದ್ದು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಗಳ ಹಿಂದೆ ಒಂದು ಸುತ್ತು ಹೋದೆ. ವಿದ್ಯಾ ತಿರುಗಿ ನೋಡಿ ನಕ್ಕು ನಕ್ಕು ನಿಂತೇಬಿಟ್ಟಳು. ನಾನು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಉಸಿರು ಸುಡುತ್ತಿತ್ತು, ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು, ಆದರೂ ಮೈಯೊಳಗೆ ಎಷ್ಟೋ ವರ್ಷದಿಂದ ಮುಚ್ಚಿಟ್ಟ ಕಿಟಕಿ ತೆರೆದ ಹಾಗೆ ಆಗಿತ್ತು. ಎರಡನೇ ಸುತ್ತಿಗೆ ನಾನೇ ನಗುತ್ತಿದ್ದೆ.

ಒಂದು ತಿಂಗಳಿಗೆ ವಿದ್ಯಾಳ ಹಳೆಯ ಚೂಡಿದಾರ, ಅವಳ ಹಳೆಯ ಬೂಟು ನನ್ನವಾದವು. ಬೂಟು ತುಸು ದೊಡ್ಡದಾಗುತ್ತಿತ್ತು, ಫಾಲ್ ಬಟ್ಟೆಯ ಚೂರುಗಳನ್ನು ಮುಂದೆ ತುರುಕಿ ಸರಿಮಾಡಿಕೊಂಡೆ. ಮೈದಾನದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುವುದು ನನಗೆ ಬೇಸರ. ಮಗಳಿಗೆ ಇಬ್ಬರು ಗೆಳತಿಯರು ಜೊತೆಯಾದ ಮೇಲೆ ನಾನು ಸಂಗೊಳ್ಳಿ ರಸ್ತೆಗೆ ತಿರುಗಿದೆ. ಎರಡೂ ಬದಿಗೆ ಎರೆ ಹೊಲ, ಜೋಳದ ತೆನೆಗೆ ಮುತ್ತುವ ಹಕ್ಕಿ, ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್. ನನ್ನ ಓಟವೇನು ದೊಡ್ಡದಲ್ಲ, ಕೆಲವರ ನಡಿಗೆಯೇ ಅದಕ್ಕಿಂತ ಜೋರು. ಬೈಕಿನವರು ನಿಲ್ಲಿಸಿ, "ಹತ್ರಿ ಅಕ್ಕಾರ, ಬಿಡ್ತೇನಿ" ಅನ್ನುತ್ತಿದ್ದರು. ಬೇಡವೆಂದರೆ ಅವರಿಗೆ ಕೆಡುಕೆನಿಸುತ್ತಿತ್ತು.

ಒಂದು ಆದಿತ್ಯವಾರ ಸಂಗೊಳ್ಳಿಯವರೆಗೂ ಓಡಿದೆ. ನಡುನಡುವೆ ನಿಂತೆ, ನಡೆದೆ, ಮತ್ತೆ ಓಡಿದೆ. ಊರು ಮುಟ್ಟಿದಾಗ ಬಿಸಿಲೇರಿತ್ತು. ಬಸ್ ನಿಲ್ದಾಣದ ಬಳಿ ಚಹಾ ಅಂಗಡಿಯವನು ನೀರು ಕೊಟ್ಟು ಎಲ್ಲಿಂದ ಬಂದಿರಿ ಅಂದ.

"ಬೈಲಹೊಂಗಲದಿಂದ್ರಿ. ಓಡಕೋತ ಬಂದ್ನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಮರುಕದಿಂದ, "ಯಾಕ್ರಿ, ಬಸ್ ತಪ್ಪಿತೇನು?" ಅಂದ.

ಹೆಂಗಸರಿಗೆ ಬಸ್ಸು ಫುಕಟ ಇರುವ ಕಾಲದಲ್ಲಿ ಓಡಿಕೊಂಡು ಬಂದ ಹುಚ್ಚಿ ನಾನು. ಬರುವಾಗ ಬಸ್ಸಿನ ಕಿಟಕಿಯಲ್ಲಿ ಕೂತು, ಓಡಿ ಬಂದ ರಸ್ತೆಯನ್ನೆಲ್ಲ ಹಿಂದುಮುಂದಾಗಿ ನೋಡುತ್ತಾ ಬಂದೆ. ಮನೆಯಲ್ಲಿ ನಾನು ಹೆಂಡತಿ, ತಾಯಿ. ಪೇಟೆಯಲ್ಲಿ ಫಾಲ್ ಅಕ್ಕ. ಸುರೇಬಾನದ ತವರಿನಲ್ಲಿ ಮಗಳು. ಇವೆಲ್ಲ ಒಳ್ಳೆಯವೇ, ಆದರೆ ಎಲ್ಲವೂ ಯಾರೋ ಕೊಟ್ಟದ್ದು. ಓಟ ಮಾತ್ರ ನಾನೇ ಹುಡುಕಿಕೊಂಡದ್ದು. ನಲವತ್ತರ ಹತ್ತಿರ ಬಂದು ನನಗೂ ನನ್ನದೆನ್ನುವುದು ಒಂದು ಸಿಕ್ಕಿತಲ್ಲ ಎಂದು ಆ ಬಸ್ಸಿನಲ್ಲಿ ಸೆರಗಿಲ್ಲದೆ ತೋಳಿನಿಂದಲೇ ಕಣ್ಣೊರೆಸಿಕೊಂಡೆ.

ಮೂರನೆಯ ಚಳಿಗಾಲಕ್ಕೆ ಉಸಿರು ಹಿಡಿಯತೊಡಗಿತು. ಓಡಿದರೆ ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡಿದ್ದೆ. ಆಮೇಲೆ ಅಂಗಡಿಯ ಮೂರು ಮೆಟ್ಟಿಲು ಹತ್ತಿದರೂ ದಮ್ಮು ಹತ್ತಿತು. ಮಲಗಿದರೆ ಕೆಮ್ಮು. ಒಂದು ದಿನ ಅಂಗಡಿಯಲ್ಲಿ ಕೆಮ್ಮಿ ಬಿಳಿ ಫಾಲ್ ಬಟ್ಟೆಯ ಚೂರಿನಿಂದ ಬಾಯಿ ಒರೆಸಿಕೊಂಡರೆ ಅದರ ಮೇಲೆ ತಿಳಿಗೆಂಪು. ಚೂರನ್ನು ಮಡಚಿ ಚಿಂದಿಯ ಚೀಲದ ತಳಕ್ಕೆ ತುರುಕಿದೆ. ಆಮೇಲೆ ಕೆಂಪು ಚೂರುಗಳನ್ನೇ ಹುಡುಕಿ ಇಟ್ಟುಕೊಳ್ಳಲು ಶುರು ಮಾಡಿದೆ, ಕಲೆ ಕಾಣಬಾರದೆಂದು. ಹೇಳಿದರೆ ಮೊದಲು ಓಟ ನಿಲ್ಲಿಸುತ್ತಾರೆ ಎನ್ನುವುದು ಗೊತ್ತಿತ್ತು. ಹಾಗೆ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಜಾಣತನ ಎಂದುಕೊಂಡಿದ್ದೆ.

ಕೊನೆಗೆ ಸಂಗೊಳ್ಳಿ ರಸ್ತೆಯ ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತವಳು ಏಳಲಾಗಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬರು ಬೈಕಿನ ಮೇಲೆ ಕೂಡಿಸಿ ಮನೆಗೆ ಮುಟ್ಟಿಸಿದರು. ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೇಳಿ ಏನೂ ಹೇಳದೆ ಬೆಳಗಾವಿಗೆ ಚೀಟಿ ಬರೆದರು. ಅವರು ಬೈದಿದ್ದರೂ ಇಷ್ಟು ಹೆದರುತ್ತಿರಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಎಕೋ ಮಾಡುವ ಕೋಣೆಯ ಮುಂದೆ ಕಬ್ಬಿಣದ ಕುರ್ಚಿಗಳ ಸಾಲು. ನಮ್ಮದು ಐವತ್ತೆರಡನೇ ನಂಬರು, ಒಳಗೆ ನಡೆದದ್ದು ಹದಿನೇಳು. ಮನೆಯವರು ಚಹಾ ತರುತ್ತೇನೆಂದು ಹೋಗಿ, ಒಬ್ಬರೇ ಎಲ್ಲೋ ನಿಂತು ಕಣ್ಣು ಕೆಂಪು ಮಾಡಿಕೊಂಡು ಚಹಾ ಇಲ್ಲದೆ ವಾಪಸ್ಸು ಬಂದರು. ನನ್ನ ಪಕ್ಕದಲ್ಲಿ ಕಿತ್ತೂರು ಕಡೆಯ ಒಬ್ಬ ಹಿರಿಯ ಹೆಂಗಸು ಕೂತಿದ್ದಳು, ಗಂಡನನ್ನು ಒಳಗೆ ಕಳಿಸಿ. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟು, ಏನಾಯಿತೆಂದು ಕೇಳಿದಳು. ಓಡುವಾಗ ಆಯಿತೆಂದೆ.

"ಹೊಲಕ್ಕ ಓಡತಿದ್ದೇನು?"

"ಇಲ್ರಿ. ಸುಮ್ನ ಓಡತಿದ್ನಿ."

"ಸುಮ್ನ?" ಅವಳು ಸ್ವಲ್ಪ ಹೊತ್ತು ರೊಟ್ಟಿ ಅಗಿದಳು. "ಛಂದ ಅನಸ್ತಿತ್ತೇನವಾ?"

"ಭಾಳ ಛಂದ ಅನಸ್ತಿತ್ರಿ."

"ಹಂಗಾರ ಓಡಿದ್ದ ಛಲೋ ಆತು ಬಿಡು," ಅಂದಳು.

ಆ ಎರಡು ವರ್ಷದಲ್ಲಿ ಯಾಕೆ, ಎಲ್ಲಿಗೆ, ಎಷ್ಟು ದೂರ ಎಂದು ಕೇಳಿದವರು ಬಹಳ. ಛಂದ ಅನಿಸುತ್ತಿತ್ತೇ ಎಂದು ಕೇಳಿದವಳು ಅವಳೊಬ್ಬಳೇ. ಅವಳ ಹೆಸರು ಕೇಳಿಟ್ಟುಕೊಳ್ಳಲಿಲ್ಲವೆಂದು ಈಗ ಮರುಗುತ್ತೇನೆ.

ಡಾಕ್ಟರು ತೆರೆಯ ಮೇಲೆ ನನ್ನ ಹೃದಯ ತೋರಿಸಿದರು. ಒಂದು ಕವಾಟ ಸರಿಯಾಗಿ ತೆರೆಯುತ್ತಿರಲಿಲ್ಲ. ಗಟ್ಟಿಯಾಗಿ ಅಂಟಿಕೊಂಡಿತ್ತು.

"ಇದು ಇವತ್ತಿನದಲ್ರಿ, ಭಾಳ ಹಳೇದು. ಸಣ್ಣವರಿದ್ದಾಗ ಜ್ವರ ಬಂದು ಕೀಲು ಬಾತಿದ್ದವೇನು?"

ನೆನಪಿಲ್ಲವೆಂದೆ. ಮನೆಯವರು ಸುರೇಬಾನಕ್ಕೆ ಫೋನು ಹಚ್ಚಿ ಅವ್ವನನ್ನು ಕೇಳಿದರು. ಅಪ್ಪ ಹೋದ ಮೇಲೆ ಅವ್ವ ನನ್ನ ತಮ್ಮ ಶಿವಾನಂದನ ಮನೆಯಲ್ಲಿದ್ದಳು.

"ಇಲ್ರಿ ಅಳಿಯಂದ್ರ, ಅಂಥಾದ್ದೇನೂ ಇರಲಿಲ್ಲ. ಗಟ್ಟಿಮುಟ್ಟ ಹುಡುಗಿ ಅದು," ಅಂದಳು.

ಆಪರೇಷನ್ನಿಗೆ ಸೇರಿಸಿದ ದಿನ ಅವ್ವ ಬಂದಳು. ಜೊತೆಗೆ ದೊಡ್ಡವ್ವನೂ ಬಂದಳು, ಅಪ್ಪನ ಅಣ್ಣನ ಹೆಂಡತಿ. ರಾಮದುರ್ಗದಲ್ಲಿ ಮನೆ. ನಮ್ಮ ಬಳಗದಲ್ಲಿ ಯಾವ ಹುಡುಗಿಯನ್ನು ಎಲ್ಲಿಗೆ ಕೊಡಬೇಕು, ಯಾವ ಮನೆಯಲ್ಲಿ ಏನು ಕುಂದು ಎನ್ನುವುದು ದೊಡ್ಡವ್ವನ ಬಾಯಿಂದ ಹೊರಬೀಳಬೇಕು. ವಾರ್ಡಿನ ಬಾಗಿಲಲ್ಲೇ ಅವಳು ಶುರು ಮಾಡಿದಳು.

"ಹೆಣ್ಮಕ್ಳು ಓಡಿದ್ರ ಇನ್ನೇನಾಗತೈತಿ? ಇಷ್ಟು ವಯಸ್ಸಿಗೆ ಮಗಳ ಬೂಟು ಹಾಕ್ಕೊಂಡು ರಸ್ತಾದಾಗ ಓಡಿ ಓಡಿ ಎದಿ ಕೆಡಿಸಿಕೊಂಡ್ಳು."

ಅವ್ವ ನನ್ನ ಹಾಸಿಗೆಯ ಅಂಚಿಗೆ ಕೂತಿದ್ದಳು. "ಹೂಂ, ನಾನೂ ಬ್ಯಾಡಂದಿದ್ನಿ," ಅಂದಳು. ನನ್ನ ಕಡೆ ನೋಡಲಿಲ್ಲ. ಬಂದವರೆಲ್ಲ ಅದನ್ನೇ ಹೇಳಿದರು, ಅವ್ವ ಎಲ್ಲರಿಗೂ ಹೂಂ ಅಂದಳು. ಡಾಕ್ಟರು ಹಳೆಯದೆಂದು ಹೇಳಿದ್ದನ್ನು ಮನೆಯವರು ಎರಡು ಸಲ ಹೇಳಿ ನೋಡಿ ಬಿಟ್ಟುಬಿಟ್ಟರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನನ್ನದೆನ್ನುವ ಒಂದೇ ಒಂದನ್ನು ಎಲ್ಲರೂ ಸೇರಿ ಕಳ್ಳನನ್ನು ಹಿಡಿದ ಹಾಗೆ ಹಿಡಿದು ಬಡಿಯುತ್ತಿದ್ದರು. ಹೆದರಿಕೆಗಿಂತ ಅದೇ ಹೆಚ್ಚು ನೋಯಿಸಿತು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಸಿಸ್ಟರ್ ಬಂದು ಕೂದಲನ್ನು ಎರಡು ಜಡೆ ಹಾಕಿ ಬಿಗಿಯಾಗಿ ಕಟ್ಟಬೇಕೆಂದರು. ಮನೆಯವರು ರಕ್ತ ಕೊಡುವವರನ್ನು ಕರೆತರಲು ಹೋಗಿದ್ದರು. ದೊಡ್ಡವ್ವ ಊಟಕ್ಕೆ ಕೆಳಗಿಳಿದಿದ್ದಳು. ಅವ್ವ ನನ್ನ ಹಿಂದೆ ಕೂತು ಬಾಚಣಿಗೆ ಹಿಡಿದಳು. ಒಂದು ಜಡೆ ಮುಗಿದಿತ್ತು.

"ಮಾದೇವಿ, ಡಾಕ್ಟರ್ ಕೇಳಿದ್ದು ಖರೇ ಐತವಾ," ಅಂದಳು.

ನಾನು ತಿರುಗಲು ಹೋದೆ. ಅವಳು ಜಡೆ ಬಿಡಲಿಲ್ಲ.

"ಸಾಲ್ಯಾಗ ನಾಕನೇ ಇಯತ್ತೆ ಇದ್ದಿ. ಜ್ವರ ಬಂದು ಮೊಳಕಾಲು, ಮೊಳಕೈ ಎಲ್ಲಾ ಬಾತು ಕೂತಿದ್ವು. ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ ಮಾಡಸ್ರಿ, ತಪ್ಪಸಬ್ಯಾಡ್ರಿ, ತಪ್ಪಿಸಿದ್ರ ಎದಿಗೆ ಇಳೀತೈತಿ ಅಂತ ಹೇಳಿದ್ರು."

"ನೀ ಅದನ್ನ ಶಕ್ತಿ ಸೂಜಿ ಅಂತಿದ್ದಿ."

"ಮತ್ತ ಬ್ಯಾನಿ ಸೂಜಿ ಅಂತ ಹೇಳ್ಲೇನು? ನೀ ಸಾಲ್ಯಾಗ ಹೇಳ್ತಿದ್ದಿ, ಸಾಲಿ ಊರಿಗೆ ಹೇಳ್ತಿತ್ತು."

ಆ ಸೂಜಿಗಳು ನನಗೆ ಚೆನ್ನಾಗಿ ನೆನಪಿದ್ದವು. ಸುರೇಬಾನದಿಂದ ಬಸ್ಸು ಹತ್ತಿ ರಾಮದುರ್ಗದ ದವಾಖಾನೆಗೆ ಹೋಗುವುದು. ಸೊಂಟಕ್ಕೆ ಸೂಜಿ ಮಾಡಿಸಿಕೊಂಡು ಕುಂಟುತ್ತಾ ಬರುವುದು. ಅಳಬಾರದೆಂದು ಅವ್ವ ಬಸ್ ನಿಲ್ದಾಣದ ಬಳಿ ಗಿರಮಿಟ್ಟು, ಮಿರ್ಚಿ ಭಜಿ ಕೊಡಿಸುವುದು. ತಮ್ಮನನ್ನು ಬಿಟ್ಟು ನಾನೊಬ್ಬಳೇ ಅವ್ವನ ಜೊತೆ ಹೋಗುವ ಸುಖದ ದಿನಗಳವು. ವಿದ್ಯಾಗೆ ಎಷ್ಟೋ ಸಲ ಹೇಳಿ ಹೊಟ್ಟೆಕಿಚ್ಚು ಪಡಿಸಿದ್ದೆ. ಅದನ್ನು ರೋಗದ ಜೊತೆ ಜೋಡಿಸಿ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಮತ್ಯಾಕ ಬಿಡಿಸಿದಿ?" ಅಂದೆ.

"ಮ್ಯಾಟ್ರಿಕ್ ಮುಗಿದಿತ್ತು ನಿಂದು. ಒಂದಿನ ದವಾಖಾನ್ಯಾಗ ನಿಮ್ಮ ದೊಡ್ಡವ್ವ ಸಿಕ್ಲು. 'ತಿಂಗಳಾ ತಿಂಗಳಾ ಬರ್ತೀರಂತ, ಹುಡುಗಿಗೆ ಏನರ ಐತೇನು?' ಅಂದ್ಲು. ವರ್ಷೊಪ್ಪತ್ತಿನ್ಯಾಗ ಗಂಡು ನೋಡೂದಿತ್ತು. ಎದಿ ಬ್ಯಾನಿ ಹುಡುಗಿ ಅಂದ್ರ ಯಾರು ಬರ್ತಿದ್ರು? ಏನಿಲ್ಲಕ್ಕಾ, ರಕ್ತ ಕಡಿಮಿ ಐತಿ ಅಂದ್ನಿ. ಮತ್ತ ಆ ದವಾಖಾನಿ ಮೆಟ್ಲ ಹತ್ತಲಿಲ್ಲ. ನೀನೂ ಛಲೋನ ಇದ್ದಿ. ಬ್ಯಾನಿ ಹೋತು ಅಂತ ತಿಳಕೊಂಡ್ನಿ."

ಎರಡನೇ ಜಡೆಯ ತುದಿಗೆ ರಿಬ್ಬನ್ ಬಿಗಿದು ಕಟ್ಟಿದಳು. ದೊಡ್ಡವ್ವ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಸಾಲಿಗೆ ಹೊರಟ ಹುಡುಗಿ ಕಂಡ ಹಾಗೆ ಕಾಣುತ್ತೀಯೆಂದು ನಗಿಸಲು ನೋಡಿದಳು.

ಆಪರೇಷನ್ನಿನ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಎಚ್ಚರವಾದಾಗ ಗಂಟಲಲ್ಲಿ ನಳಿಕೆ, ಎರಡೂ ಕೈ ಕಟ್ಟಿದ್ದವು. ಬಾಯಾರಿಕೆ ಎಂದರೆ ಏನೆಂದು ಆ ದಿನ ತಿಳಿಯಿತು. ನೀರು ಕೊಡುವ ಹಾಗಿರಲಿಲ್ಲ. ಕಸ ಹೊಡೆಯುವ ಒಬ್ಬ ಆಯಾ ಸಿಸ್ಟರನ್ನು ಕೇಳಿ ಹತ್ತಿಯನ್ನು ನೀರಲ್ಲಿ ಅದ್ದಿ ನನ್ನ ತುಟಿಗೆ ಒತ್ತಿದಳು. ತಾಸಿಗೊಮ್ಮೆ ಬಂದು ಒತ್ತಿ ಹೋಗುತ್ತಿದ್ದಳು. ನೀವು ಇಂಥ ಕೋಣೆಯಲ್ಲಿ ಮಲಗುವ ಪ್ರಸಂಗ ಬಂದರೆ, ಇಂಥವರು ಒಬ್ಬರು ಇದ್ದೇ ಇರುತ್ತಾರೆ ಎಂದು ನಂಬಿ.

ಮನೆಗೆ ಬಂದ ಮೇಲೆ ಮೂರು ತಿಂಗಳು ಅವ್ವ ನನ್ನ ಬಳಿ ಇದ್ದಳು. ಮೈ ಒರೆಸಿದಳು, ತಲೆ ಬಾಚಿದಳು, ರೊಟ್ಟಿ ಬಡಿದಳು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಸೊಪ್ಪನ್ನು ಮನಸ್ಸಿಗೆ ಬಂದಷ್ಟು ತಿನ್ನಬಾರದಂತೆ. ಹಸಿ ಮೆಂತ್ಯೆ, ಹಕ್ಕರಕಿ ಇಲ್ಲದೆ ನಾನು ರೊಟ್ಟಿ ಮುಟ್ಟಿದವಳಲ್ಲ. ಅವ್ವ ತನ್ನ ತಾಟಿನಲ್ಲೂ ಸೊಪ್ಪು ಹಾಕಿಕೊಳ್ಳುವುದನ್ನು ಬಿಟ್ಟಳು. ನಾನು ಅದನ್ನು ನೋಡಿದೆ, ನೋಡದ ಹಾಗೆ ಇದ್ದೆ. ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ, ನೀರು ಕೊಡು, ದಿಂಬು ಕೊಡು. ಅವಳು ಹೇಳಿದ್ದನ್ನು ಮನೆಯವರಿಗೂ ಹೇಳಲಿಲ್ಲ, ಆದರೆ ಒಳಗೊಳಗೇ ಅವಳನ್ನು ದಿನಾ ಕಟಕಟೆಗೆ ನಿಲ್ಲಿಸುತ್ತಿದ್ದೆ.

ಮೂರನೇ ತಿಂಗಳ ತಪಾಸಣೆಗೆ ಬೆಳಗಾವಿಗೆ ಹೋದಾಗ ನಾನೇ ಕೇಳಿದೆ, ಇನ್ನು ಯಾವಾಗ ಓಡಬಹುದು ಎಂದು. ಕವಾಟ ಹಾಕಿಸಿಕೊಂಡು ಓಡುವವರೂ ಇದ್ದಾರೆಂದು ವಿದ್ಯಾ ಎಲ್ಲೋ ಓದಿದ್ದಳು. ಡಾಕ್ಟರು ಕಾಗದಗಳನ್ನು ತಿರುವಿ ಹಾಕಿ ನಿಧಾನಕ್ಕೆ ಹೇಳಿದರು.

"ಕೆಲವರು ಓಡತಾರ್ರಿ. ನಿಮ್ಮದು ಭಾಳ ತಡಾ ಆಗೇತಿ. ಹೃದಯದ ಬಡಿತ ತಪ್ಪತೈತಿ, ಶ್ವಾಸಕೋಶದ ಮ್ಯಾಲೂ ಭಾರ ಬಿದ್ದೈತಿ. ದಿನಾ ನಡೀರಿ, ಎಷ್ಟು ಬೇಕಾದ್ರೂ ಸಾವಕಾಶ ನಡೀರಿ. ಓಡೂದು ಬ್ಯಾಡ."

ಮನೆಗೆ ಬಂದು ಒಂದೇ ಮಾತಲ್ಲಿ ಹೇಳಿ ಮಲಗಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಕಾಲ ಬಳಿ ಕೂತಳು. ಹಿಟ್ಟಿನ ಕೈ ಹಾಗೇ ಇತ್ತು.

"ಇನ್ನ ಓಡೂದ ಇಲ್ಲೇನವಾ?"

"ನೀ ಎಲ್ಲಿ ಓಡಾಕ ಬಿಟ್ಟಿ?" ಅಂದೆ.

ಅವಳು ಕೂತೇ ಇದ್ದಳು. ಬೆರಳಿಗೆ ಹತ್ತಿದ ಹಿಟ್ಟನ್ನು ಒಂದೊಂದಾಗಿ ತಿಕ್ಕಿ ತೆಗೆದಳು. ಮರುದಿನ ಮುಂಜಾನೆ ಶಿವಾನಂದನಿಗೆ ಫೋನು ಮಾಡಿಸಿ ಸುರೇಬಾನಕ್ಕೆ ಹೋದಳು. ಮನೆಯವರು ಇನ್ನೊಂದು ತಿಂಗಳು ಇರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಇರು ಅನ್ನಲಿಲ್ಲ.

ಆಮೇಲೆ ದಿನಾ ಸಂಜೆ ಅವಳ ಫೋನು ಬರುತ್ತಿತ್ತು. "ಗುಳಿಗಿ ತಗೊಂಡೇನು?" ಅನ್ನುವಳು. "ಹೂಂ," ಅನ್ನುವೆ. ಅಷ್ಟೇ ಮಾತು. ಒಂದು ದಿನವೂ ತಪ್ಪಿಸಲಿಲ್ಲ. ಮಳೆಗೆ ಟವರು ಹೋದ ದಿನ ಪಕ್ಕದ ಮನೆಯವರ ಫೋನಿನಿಂದ ಮಾಡಿದಳು. ಅವಳು ಮಗಳಿಗೆ ಎಂದೋ ತಪ್ಪಿಸಿದ ಸೂಜಿಗಳನ್ನೆಲ್ಲ ಈಗ ಒಂದೊಂದಾಗಿ ಮುಟ್ಟಿಸುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ಅನಿಸಿದರೂ ಮಾತು ಬೆಳೆಸುತ್ತಿರಲಿಲ್ಲ.

ಸಿಟ್ಟು ಇಳಿಯಲು ಇಷ್ಟು ದಿನ ಬೇಕೇ ಎಂದು ಕೇಳಬಹುದು. ನನಗೆ ಬೇಕಾಯಿತು. ಒಂದು ಮಧ್ಯಾಹ್ನ ಅಂಗಡಿಯ ಚಿಂದಿ ಚೀಲ ಖಾಲಿ ಮಾಡುವಾಗ ತಳದಲ್ಲಿ ಆ ಚೂರುಗಳು ಸಿಕ್ಕವು. ಮೊದಲಿನವು ಬಿಳಿ, ಆಮೇಲಿನವು ಕೆಂಪು. ಒಣಗಿ ರಟ್ಟಾಗಿದ್ದವು. ಅವ್ವ ನನ್ನ ಮದುವೆ ತಪ್ಪೀತೆಂದು ಬಚ್ಚಿಟ್ಟಳು, ನಾನು ನನ್ನ ಓಟ ತಪ್ಪೀತೆಂದು ಬಚ್ಚಿಟ್ಟೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಆ ಎರಡು ತಿಂಗಳು ಮೊದಲೇ ಹೋಗಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ, ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಪಂಚಮಿಗೆ ತವರಿಗೆ ಹೋಗುವುದೆಂದು ಮಾಡಿದೆ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ, ಮದುವೆಯಾದವರೆಲ್ಲ ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡುತ್ತಾರೆ. ಅವ್ವನ ಮುಂದೆ ಕೂತು, ಆ ಮಾತು ಅನ್ನಬಾರದಿತ್ತು ಎಂದು ಹೇಳಬೇಕು. ಅಷ್ಟೇ ಅಲ್ಲ, ಓಡುವುದೆಂದರೆ ಹೇಗಿರುತ್ತಿತ್ತೆಂದೂ ಹೇಳಬೇಕು. ಅವಳು ಒಮ್ಮೆಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ವಾರವೇ ವಿದ್ಯಾ ಓಟದಲ್ಲಿ ಪಾಸಾಗಿ ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಆ ಸುದ್ದಿಯನ್ನೂ ಎದುರಿಗೇ ಹೇಳೋಣವೆಂದು ಫೋನಿನಲ್ಲಿ ಹೇಳದೆ ಉಳಿಸಿಕೊಂಡೆ.

ಪಂಚಮಿಗೆ ಇನ್ನೂ ಹದಿನೈದು ದಿನವಿತ್ತು. ಮುಂಜಾನೆ ಶಿವಾನಂದನ ಫೋನು ಬಂತು. ಅವ್ವ ಚಹಾ ಕುಡಿದು ಬಟ್ಟಲು ಕೆಳಗಿಟ್ಟವಳು ಹಾಗೇ ಗೋಡೆಗೆ ಒರಗಿದ್ದಳಂತೆ.

ಮನೆಯವರೂ ನಾನೂ ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಸುರೇಬಾನದ ಬಸ್ಸು ಹತ್ತಿದೆವು. ಇಳಿದಾಗ ಹನ್ನೊಂದು ಗಂಟೆ. ಬಸ್ಸು ನಿಲ್ಲುವಲ್ಲಿಂದ ತವರಿನ ಓಣಿಗೆ ಬಹಳ ದೂರವಿಲ್ಲ. ಹತ್ತು ಹೆಜ್ಜೆ ನಡೆದೆನೋ ಇಲ್ಲವೋ, ಕಾಲು ತಾನೇ ಓಟ ಕಿತ್ತಿತು. ಹಿಂದಿನಿಂದ ಮನೆಯವರು "ಮಾದೇವಿ, ಸಾವಕಾಶ! ಓಡಬ್ಯಾಡ!" ಎಂದು ಕೂಗುತ್ತಿದ್ದರು. ಓಣಿಯ ಕಟ್ಟೆಯ ಮೇಲಿದ್ದ ಒಬ್ಬ ಮುದುಕ ನನ್ನನ್ನು ಗುರುತು ಹಿಡಿದು ಎದ್ದು ನಿಂತು ಕೈ ಅಡ್ಡ ಹಿಡಿದ.

"ಓಡಬ್ಯಾಡ ತಂಗಿ, ನಿಮ್ಮವ್ವ ಎಲ್ಲಿ ಹೋಗತಾಳ? ಕುಂತಾಳ, ನಿನ್ನ ದಾರಿ ಕಾಯಾಕತ್ಯಾಳ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅವ್ವ ಪಡಸಾಲೆಯಲ್ಲಿ ಹಾಗೆ ಕೂತಿದ್ದಳು. ಉಟ್ಟದ್ದು ನಾನೇ ಫಾಲ್ ಹಚ್ಚಿ ಕೊಟ್ಟಿದ್ದ ಹಸಿರು ಇಳಕಲ್ ಸೀರೆ. ಒಮ್ಮೆಯೂ ಉಡದೆ ಇಟ್ಟಿದ್ದಳಂತೆ. ನನಗೆ ದಮ್ಮು ಹತ್ತಿತ್ತು, ಬಾಗಿಲ ಚೌಕಟ್ಟು ಹಿಡಿದು ನಿಂತೆ. ನಮ್ಮ ಹೆಂಗಸರು ಸತ್ತವರ ಮುಂದೆ ಮಾತು ಜೋಡಿಸಿ ಹಾಡಿಕೊಂಡು ಅಳುತ್ತಾರೆ. ಮಗಳು ಬಂದಳೆಂದು ಎಲ್ಲರೂ ತಮ್ಮ ಅಳು ನಿಲ್ಲಿಸಿ ನನಗೆ ಜಾಗ ಬಿಟ್ಟರು. ನಾನು ಅವಳ ಮಡಿಲಿಗೆ ತಲೆಯಿಟ್ಟೆ. ಅವ್ವಾ, ಅವ್ವಾ ಎನ್ನುವುದಷ್ಟೇ ಬಂತು.

ಗೋಡೆಯ ಬದಿಗೆ ಕೂತಿದ್ದ ದೊಡ್ಡವ್ವ ನನ್ನ ಬೆನ್ನ ಮೇಲೆ ಕೈಯಾಡಿಸುತ್ತಾ ಸುತ್ತಲಿನವರಿಗೆ ಹೇಳತೊಡಗಿದಳು.

"ಮಗಳ ಚಿಂತ್ಯಾಗ ಹೋದ್ಲವ್ವಾ ಇಕಿ. ಮಗಳರ ಎಂಥಾಕಿ, ಹುಟ್ಟಿದಾಗಿಂದ ಒಂದಿನ ತಲಿಬ್ಯಾನಿ ಸುದ್ದಾ ಇದ್ದಿಲ್ಲ. ನಾ ನೋಡೀನಲ್ಲ, ಇವರವ್ವ ಹೂವಿನಂಗ ಜ್ವಾಕಿ ಮಾಡ್ಯಾಳ. ಓಡಿ ಓಡಿ ಎದಿ ಕೆಡಿಸಿಕೊಂಡ್ಳು." ಆಮೇಲೆ ಬಗ್ಗಿ ನನ್ನ ಮುಖ ನೋಡಿ, "ಹೌದಿಲ್ಲವಾ ಮಾದೇವಿ?" ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಆ ಪ್ರಶ್ನೆಗೆ ಉತ್ತರ ನನ್ನ ಬಳಿ ತಯಾರಿತ್ತು. ವಾರ್ಡಿನಲ್ಲಿ ಗೋಡೆ ನೋಡುತ್ತಾ ಮಲಗಿದ್ದಾಗಿನಿಂದ, ಎಲ್ಲರೆದುರು ಒಂದು ದಿನ ಅಂದೇಬಿಡಬೇಕೆಂದು ಅದನ್ನು ಮತ್ತೆ ಮತ್ತೆ ಜೋಡಿಸಿಟ್ಟುಕೊಂಡಿದ್ದೆ. ಓಟ ನನಗೆ ಏನೂ ಕೆಡುಕು ಮಾಡಿಲ್ಲ, ನನ್ನ ಹೃದಯ ಕೆಟ್ಟದ್ದನ್ನು ಮೊದಲು ಹೇಳಿದ್ದೇ ಓಟ, ಎಂದು. ಅವ್ವನ ಮುಖ ನೋಡಿದೆ. ಮೂಗುತಿಯ ಪಕ್ಕದಲ್ಲಿ ವಿಭೂತಿ ಸ್ವಲ್ಪ ಉದುರಿತ್ತು.

"ಹೌದು ದೊಡ್ಡವ್ವ," ಅಂದೆ. "ಓಡಿದ್ದಕ್ಕ ಆತು. ಅವ್ವ ಬ್ಯಾಡ ಬ್ಯಾಡ ಅಂತಿದ್ಲು, ನಾ ಕೇಳಲಿಲ್ಲ."

ದೊಡ್ಡವ್ವ ನಿಟ್ಟುಸಿರು ಬಿಟ್ಟು ತಲೆಯಾಡಿಸಿದಳು. ಹೆಂಗಸರು ಮತ್ತೆ ಅಳಲು ಶುರು ಮಾಡಿದರು. ನಾನು ಅವ್ವನ ಸೆರಗು ಸರಿಮಾಡಿ, ಅವಳ ಪಕ್ಕದಲ್ಲಿ ಗೋಡೆಗೆ ಆನಿಸಿಕೊಂಡು ಕೂತೆ.